ಶಾಲೆಯಲ್ಲಿ ಭಾಷೆ: ಕಡ್ಡಾಯವೆಷ್ಟು, ಐಚ್ಛಿಕವೆಷ್ಟು?

(ಶತಮಾನೋತ್ಸವದ ಅಂಗವಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪೋಷಕರಿಗೂ ಶಿಕ್ಷಕರಿಗೂ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಧರ್ಮಕೇಂದ್ರದ ಸಮಾರಂಭದಲ್ಲಿ ಹಿರಿಯರ ತ್ಯಾಗವನ್ನು ಸ್ಮರಿಸುವುದು ಉಚಿತವಾದ ಕಾರ್ಯ. ಅದನ್ನು ನನಗಿಂತ ಸಮರ್ಥರು ಈಗಾಗಲೇ ಈ ವೇದಿಕೆಯಿಂದ ನೆರವೇರಿಸಿದ್ದಾರೆ. ನನಗೆ ಗೊತ್ತುಪಡಿಸಿರುವ ವಿಷಯ ಮುಂದಿನ ತಲೆಮಾರಿಗೆ ಸಂಬಂಧಪಟ್ಟದ್ದು. ನಮ್ಮ ಶಾಲೆಗಳು ಮಕ್ಕಳಿಗೆ ಯಾವ ಭಾಷೆಯನ್ನು ಕಡ್ಡಾಯವಾಗಿ ಕಲಿಸಬೇಕು, ಯಾವುದನ್ನು ಅವರ ಇಚ್ಛೆಗೆ ಬಿಡಬೇಕು ಎಂಬುದೇ ಆ ವಿಷಯ.

ಈ ಪ್ರಶ್ನೆ ಏಕೆ ಹುಟ್ಟಿತೆಂಬುದು ನಿಮಗೆ ತಿಳಿದಿದೆ. ಮಕ್ಕಳು ಓದು ಮುಗಿಸಿ ಪರದೇಶಗಳಿಗೆ ತೆರಳುತ್ತಿದ್ದಾರೆ. ಅಮೆರಿಕದಲ್ಲಿರುವ ಬಂಧುಗಳ ಮಕ್ಕಳು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಾರೆ. ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಫ್ರೆಂಚ್, ಜರ್ಮನ್ ಕಲಿಸುತ್ತಾರೆ. ನಮ್ಮಲ್ಲಿಯೂ ಅಂತಹುದೊಂದನ್ನು ಎಲ್ಲರಿಗೂ ಕಡ್ಡಾಯ ಮಾಡಬಾರದೇಕೆ ಎಂದು ಕೆಲವು ಪೋಷಕರು ಕೇಳುತ್ತಾರೆ. ಅವರು ಮಾತು ಮುಗಿಸುವ ಮೊದಲೇ ಬೇರೆ ಕೆಲವರು, ಸ್ಪ್ಯಾನಿಷ್ ಹಾಗಿರಲಿ, ಮನೆಮಾತಾದ ಕೊಂಕಣಿಯನ್ನು ಮೊದಲು ಕಡ್ಡಾಯ ಮಾಡಿ ಎನ್ನುತ್ತಾರೆ. ಇವೆರಡೂ ಬೇಡ, ಈಗಿರುವ ಹಿಂದಿಯ ಹೊರೆಯನ್ನು ಇಳಿಸಿದರೆ ಸಾಕು ಎನ್ನುವವರೂ ಇದ್ದಾರೆ. ಮೂವರೂ ತಮ್ಮ ಮಕ್ಕಳ ಹಿತವನ್ನೇ ಬಯಸುವವರು. ಆದರೂ ಮೂವರ ಮಾತನ್ನೂ ಒಂದೇ ವೇಳಾಪಟ್ಟಿಯಲ್ಲಿ ನಡೆಸಿಕೊಡಲು ಯಾವ ಮುಖ್ಯೋಪಾಧ್ಯಾಯಿನಿಯಿಂದಲೂ ಆಗದು.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಶಾಲೆಗಳಲ್ಲಿ ಕಡ್ಡಾಯವೆಂಬ ಮಾತು ಸಲ್ಲಬೇಕಾದುದು ಕನ್ನಡಕ್ಕೆ. ಅದೂ ಪರೀಕ್ಷೆಯ ಶಾಸ್ತ್ರಕ್ಕಾಗಿ ಕಲಿಸುವ ಕನ್ನಡಕ್ಕಲ್ಲ, ಓದಲು ಬರೆಯಲು ನಿಜವಾಗಿ ಬರುವ ಕನ್ನಡಕ್ಕೆ. ಇಂಗ್ಲಿಷನ್ನು ನಾವು ಬೇಡವೆಂದರೂ ಇಂದಿನ ಕಾಲ ಬಿಡದು. ಇವೆರಡರಾಚೆಯ ಭಾಷೆಗಳಿಗೆ ಶಾಲೆ ಬಾಗಿಲು ತೆರೆದಿಡಬೇಕು. ಯಾರನ್ನೂ ಒಳಕ್ಕೆ ದೂಡಬಾರದು. ಕೊಂಕಣಿಯ ಮಾತು ಮಾತ್ರ ಸ್ವಲ್ಪ ಬೇರೆ. ಅದರ ಹಣೆಬರಹ ನಮ್ಮ ಮಕ್ಕಳ ಕನ್ನಡಕ್ಕೆ ಅಂಟಿಕೊಂಡಿದೆಯೆಂದು ನಾನು ನಂಬಿದ್ದೇನೆ. ಈ ನಂಬಿಕೆಗೆ ಕಾರಣಗಳನ್ನು ವಿವರಿಸಲು ಅಪ್ಪಣೆಯಿರಲಿ.

ಮೊದಲಿಗೆ ಕಾನೂನಿನ ಸ್ಥಿತಿ. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದು ವಕೀಲರ ಕ್ಷೇತ್ರ. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದು ಡಾ. ವಿ. ಕೃ. ಗೋಕಾಕರ ಸಮಿತಿಯು ೧೯೮೧ರಲ್ಲಿ ಶಿಫಾರಸು ಮಾಡಿತು. ಮರುವರ್ಷ ನಾಡಿನಲ್ಲೆಲ್ಲ ನಡೆದ ಚಳವಳಿ ಇಲ್ಲಿರುವ ಹಿರಿಯರ ನೆನಪಿನಲ್ಲಿದೆ. ಅನಂತರದ ದಶಕಗಳಲ್ಲಿ ವ್ಯಾಜ್ಯ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಸಾಗಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ೨೦೧೪ರ ಮೇ ತಿಂಗಳಿನಲ್ಲಿ ತೀರ್ಪಿತ್ತಿತು. ಆದರೆ ಮಾಧ್ಯಮವೇ ಬೇರೆ, ಒಂದು ವಿಷಯವಾಗಿ ಭಾಷೆಯನ್ನು ಕಲಿಯುವುದೇ ಬೇರೆ. ೨೦೧೫ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಒಂದರಿಂದ ಹತ್ತನೆಯ ತರಗತಿಯವರೆಗೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಹಂತಹಂತವಾಗಿ ಕಲಿಸುವಂತೆ ವಿಧಿಸಿತು. ಇಂಗ್ಲಿಷ್ ಮಾಧ್ಯಮದ ಶಾಲೆಯೂ ಇದಕ್ಕೆ ಹೊರತಲ್ಲ.

೧೯೬೮ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಬಂದ ತ್ರಿಭಾಷಾ ಸೂತ್ರವನ್ನು ೨೦೨೦ರ ನೀತಿಯೂ ಉಳಿಸಿಕೊಂಡಿತು. ಮೂರರಲ್ಲಿ ಎರಡಾದರೂ ಭಾರತೀಯ ಭಾಷೆಗಳಾಗಿರಬೇಕು, ಯಾವ ಭಾಷೆಯನ್ನೂ ಯಾವ ರಾಜ್ಯದ ಮೇಲೂ ಹೇರಲಾಗದು ಎಂದಿತು. ಸ್ಪ್ಯಾನಿಷ್, ಫ್ರೆಂಚ್, ಪೋರ್ಚುಗೀಸ್ ಮೊದಲಾದವನ್ನು ಪ್ರೌಢ ಹಂತದಲ್ಲಿ ಬೇಕಾದವರಿಗೆ ಕಲಿಸಬಹುದೆಂದು ಅದೇ ನೀತಿ ಹೇಳುತ್ತದೆ. ನಮ್ಮ ರಾಜ್ಯದ ಶಿಕ್ಷಣ ನೀತಿ ಆಯೋಗವಾದರೋ ೨೦೨೫ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯಲ್ಲಿ ಎರಡೇ ಭಾಷೆಗಳು ಸಾಕೆಂದು ಶಿಫಾರಸು ಮಾಡಿತು. ಕನ್ನಡ ಮತ್ತು ಇಂಗ್ಲಿಷುಗಳ ಜೊತೆಗೆ ಸ್ಪ್ಯಾನಿಷನ್ನು ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಬೇಕೆನ್ನುವವರಿಗೆ ಈ ಎರಡು ದಾಖಲೆಗಳಲ್ಲಿ ಯಾವುದೂ ಆಧಾರವಾಗದು.

ಕಾನೂನು ಹಾಗಿರಲಿ. ಧರ್ಮ ಯಾವುದು, ನ್ಯಾಯ ಯಾವುದು ಎಂಬುದನ್ನು ನಾವು ನಮ್ಮ ಚರಿತ್ರೆಯಿಂದಲೇ ತಿಳಿಯಬಹುದು. ಒಂದು ಜನಾಂಗಕ್ಕೆ ಭಾಷೆಯನ್ನು ಕಡ್ಡಾಯ ಮಾಡಿದರೆ ಏನಾಗುತ್ತದೆ ಎಂಬುದನ್ನು ಕೊಂಕಣಿ ಕ್ರೈಸ್ತರಷ್ಟು ಹತ್ತಿರದಿಂದ ಕಂಡವರು ಬಹಳ ಮಂದಿಯಿಲ್ಲ.

೧೬೦೬ರಲ್ಲಿ ಗೋವೆಯಲ್ಲಿ ಸೇರಿದ ಪ್ರಾಂತೀಯ ಧರ್ಮಸಭೆಯು ಒಂದು ನಿಯಮವನ್ನು ಮಾಡಿತು. ಊರಿನ ಜನರ ಭಾಷೆಯನ್ನರಿಯದ ಗುರುವಿಗೆ ಆ ಊರಿನ ಧರ್ಮಕೇಂದ್ರವನ್ನು ವಹಿಸಬಾರದು ಎಂಬುದೇ ಅದು. ಇದೂ ಒಂದು ಕಡ್ಡಾಯವೇ. ಆದರೆ ಇಲ್ಲಿ ಕಲಿಯಬೇಕಾದವನು ಬಂದವನು, ಅಧಿಕಾರವುಳ್ಳವನು, ಬೋಧಿಸುವವನು. ಆ ಕಾಲದಲ್ಲಿಯೇ ಇಂಗ್ಲೆಂಡಿನಿಂದ ೧೫೭೯ರಲ್ಲಿ ಬಂದಿದ್ದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಎಂಬ ಗುರುಗಳು ಕೊಂಕಣಿಯನ್ನೂ ಮರಾಠಿಯನ್ನೂ ಬೇರುಮಟ್ಟ ಕಲಿತು, ೧೬೧೬ರಲ್ಲಿ ‘ಕ್ರಿಸ್ತಪುರಾಣ’ವನ್ನು ಪ್ರಕಟಿಸಿದರು. ಅವರು ರಚಿಸಿದ ಕೊಂಕಣಿ ವ್ಯಾಕರಣವು ಅವರ ಮರಣಾನಂತರ ೧೬೪೦ರಲ್ಲಿ ರಾಚೋಲದಲ್ಲಿ ಅಚ್ಚಾಯಿತು. ಒಬ್ಬ ಆಂಗ್ಲನು ನಮ್ಮ ಮಾತಿಗೆ ವ್ಯಾಕರಣ ಬರೆದುಕೊಟ್ಟನೆಂಬುದು ಸಣ್ಣ ಸಂಗತಿಯಲ್ಲ.

ಎಂಭತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ಬದಲಾಯಿತು. ೧೬೮೪ರ ಜೂನ್ ೨೭ರಂದು ಗೋವೆಯ ವೈಸರಾಯಿ ಆಲ್ವೋರ್ ಕೌಂಟನು ಹೊರಡಿಸಿದ ಆಜ್ಞೆಯಂತೆ ಜನರು ತಮ್ಮ ಮಾತನ್ನು ಬಿಟ್ಟು ಮೂರು ವರ್ಷಗಳೊಳಗೆ ಪೋರ್ಚುಗೀಸ್ ಭಾಷೆಯನ್ನೇ ಆಡತೊಡಗಬೇಕಾಗಿತ್ತು. ಅದು ಸಾಲದೆಂಬಂತೆ ೧೭೪೫ರಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷರು, ಪೋರ್ಚುಗೀಸ್ ಬಾರದ ವಧೂವರರಿಗೆ ವಿವಾಹವಿಲ್ಲವೆಂದು ಕಟ್ಟಪ್ಪಣೆ ಮಾಡಿದರು. ಲಗ್ನಕ್ಕೆ ವ್ಯಾಕರಣ ಅಡ್ಡ ಬಂದ ಪ್ರಸಂಗ ಪ್ರಪಂಚದಲ್ಲಿ ಇನ್ನೆಲ್ಲಿಯಾದರೂ ಉಂಟೋ ಇಲ್ಲವೋ! ಫಲವೇನಾಯಿತು? ಮೇಲ್ವರ್ಗದ ಕೆಲವು ಮನೆಗಳಲ್ಲಿ ಪೋರ್ಚುಗೀಸ್ ನೆಲೆಸಿತು. ಹೊಲಗದ್ದೆಗಳಲ್ಲಿ, ಅಡುಗೆಮನೆಗಳಲ್ಲಿ ಕೊಂಕಣಿಯೇ ಉಳಿಯಿತು. ೧೯೬೧ರಲ್ಲಿ ಪೋರ್ಚುಗೀಸರು ಹೊರಟುಹೋದರು. ೧೯೮೭ರಲ್ಲಿ ಕೊಂಕಣಿ ಗೋವೆಯ ರಾಜಭಾಷೆಯಾಯಿತು. ಮೂರು ವರ್ಷದ ಗಡುವು ಮುನ್ನೂರು ವರ್ಷ ಕಳೆದರೂ ಕೈಗೂಡಲಿಲ್ಲ.

ಹಾಗೆಂದು ಆ ಆಜ್ಞೆ ನಿರಪಾಯಕರವಾಗಿತ್ತೆಂದು ಯಾರೂ ತಿಳಿಯಬಾರದು. ಭಾಷೆ ಸಾಯಲಿಲ್ಲ, ಆದರೆ ಅದರ ಬರವಣಿಗೆ ಕುಗ್ಗಿತು. ಸ್ಟೀಫನ್ಸ್ ಗುರುಗಳಂಥವರು ಆರಂಭಿಸಿದ ಸಾಹಿತ್ಯ ಮುಂದೆ ಬೆಳೆಯಬೇಕಾಗಿದ್ದಷ್ಟು ಬೆಳೆಯಲಿಲ್ಲ. ತನ್ನ ಮಾತು ಮನೆಯೊಳಗೆ ಆಡುವುದಕ್ಕೆ ಮಾತ್ರ, ಓದುವುದಕ್ಕೂ ಗೌರವಕ್ಕೂ ಇನ್ನೊಂದು ಮಾತು ಬೇಕು ಎಂಬ ಕೀಳರಿಮೆ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಆ ಕೀಳರಿಮೆ ಇಂದಿಗೂ ಪೂರ್ತಿ ಹೋಗಿಲ್ಲವೆಂದು ಹೇಳಿದರೆ ನೀವು ಮುನಿಯಬಾರದು. ಪೋರ್ಚುಗೀಸಿನ ಸ್ಥಾನದಲ್ಲಿ ಈಗ ಇಂಗ್ಲಿಷ್ ಕುಳಿತಿದೆ, ಅಷ್ಟೆ.

ಇನ್ನೊಂದು ಸೋಜಿಗವನ್ನು ನೋಡಿ. ಆಜ್ಞೆಯಿಂದ ಬಾರದ ಪೋರ್ಚುಗೀಸ್ ಬಳಕೆಯಿಂದ ಬಂದುಬಿಟ್ಟಿದೆ. ಇಗರ್ಜಿ, ಪಾದ್ರಿ, ಮೇಜು, ಚಾವಿ, ಸಾಬೂನು, ಬಟಾಟೆ, ಅನಾನಸ್ ಇವೆಲ್ಲ ಅಲ್ಲಿಂದ ಬಂದವು. ಸಂಜೆಯ ತೇರ್ಸ್ ಮುಗಿದ ಮೇಲೆ ನಮ್ಮ ಮಕ್ಕಳು ಹಿರಿಯರ ಬಳಿ ಕೇಳುವ ‘ಬೆಸಾಂವ್’ ಕೂಡ ಪೋರ್ಚುಗೀಸ್ ಮೂಲದ್ದೇ. ಇವುಗಳಲ್ಲಿ ಕೆಲವನ್ನು ಸಾಗರದ ಸಂತೆಯಲ್ಲಿ ಯಾವ ಮತದವರೂ ದಿನವೂ ಆಡುತ್ತಾರೆ. ಅವನ್ನು ಯಾವ ಶಾಲೆಯೂ ಕಲಿಸಲಿಲ್ಲ. ಸ್ಪ್ಯಾನಿಷ್ ಪೋರ್ಚುಗೀಸಿನ ಸೋದರ ಭಾಷೆ. ಅದರಲ್ಲಿಯೂ ಮೇಜಿಗೆ ‘ಮೆಸಾ’ ಎಂದೇ ಹೆಸರು. ಸ್ಪ್ಯಾನಿಷ್ ಬೇಕೆನ್ನುವ ಪೋಷಕರಿಗೆ ಒಂದೆರಡು ಶಬ್ದಗಳು ಆಗಲೇ ದಕ್ಕಿವೆಯೆಂದು ಅಭಿನಂದಿಸುತ್ತೇನೆ.

ಇನ್ನು ನಮ್ಮ ಈ ನೆಲದ ಮಾತಿಗೆ ಬರೋಣ. ಗೋವೆಯಲ್ಲಿ ೧೬೮೪ರ ಆಜ್ಞೆ ಹೊರಟಾಗ ಇಲ್ಲಿ ಬಿದನೂರಿನಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದಳು. ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು ಇಂದಿನ ಹೊಸನಗರ ತಾಲ್ಲೂಕಿನ ನಗರ. ಕರಾವಳಿಯ ಕನ್ನಡ ಜಿಲ್ಲೆಯೆಲ್ಲ ಈ ಅರಸರ ಅಧೀನದಲ್ಲಿತ್ತು. ಯುದ್ಧ, ಕ್ಷಾಮ, ತೆರಿಗೆ, ಧರ್ಮವಿಚಾರಣೆಯ ಭಯ ಹೀಗೆ ನಾನಾ ಕಾರಣಗಳಿಂದ ಗೋವೆಯನ್ನು ಬಿಟ್ಟ ಕೊಂಕಣಿ ಕುಟುಂಬಗಳು ಅಲೆಯಲೆಯಾಗಿ ಈ ಸೀಮೆಗೆ ಬಂದು ಕೆಳದಿಯ ಅರಸರ ಆಶ್ರಯದಲ್ಲಿ ಬೇಸಾಯ ಹೂಡಿದವು. ೧೬೭೮ರಲ್ಲಿ ಕೆಳದಿಗೂ ಪೋರ್ಚುಗೀಸರಿಗೂ ಆದ ಒಪ್ಪಂದವು ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ನೀಡಿತು. ಈ ವಲಸಿಗರು ಕನ್ನಡವನ್ನು ಕಲಿತದ್ದು ನೆರೆಯವರೊಡನೆ ಬಾಳುವುದಕ್ಕಾಗಿ. ಗೇಣಿಯ ಪತ್ರ, ಅಂಗಡಿಯ ಲೆಕ್ಕ, ಪಂಚಾಯಿತಿಯ ತೀರ್ಮಾನ ಎಲ್ಲವೂ ಕನ್ನಡದಲ್ಲಿಯೇ ಇದ್ದುವು. ಕಲಿಯದೆ ಗತಿಯಿರಲಿಲ್ಲ, ಆದರೆ ಕಲಿತದ್ದಕ್ಕಾಗಿ ಮನೆಮಾತನ್ನು ಬಿಡಬೇಕಾಗಲಿಲ್ಲ.

ಅಷ್ಟೇ ಅಲ್ಲ. ತಮ್ಮ ಮಾತನ್ನು ಬರೆಯಲು ಅವರು ಕನ್ನಡದ ಲಿಪಿಯನ್ನೇ ತಮ್ಮದಾಗಿಸಿಕೊಂಡರು. ಮಂಗಳೂರಿನಲ್ಲಿ ೧೯೧೨ರಲ್ಲಿ ಹೊರಟ ‘ಕೊಂಕ್ಣಿ ದಿರ್ವೆಂ’, ೧೯೩೮ರಲ್ಲಿ ಆರಂಭವಾದ ‘ರಾಕ್ಣೊ’ ಇವೆಲ್ಲ ಕನ್ನಡ ಲಿಪಿಯಲ್ಲಿ ಅಚ್ಚಾದವು. ಘಟ್ಟ ಹತ್ತಿ ಅಡಕೆ ತೋಟಕ್ಕೂ ಗದ್ದೆಯ ಕೆಲಸಕ್ಕೂ ಮಲೆನಾಡಿಗೆ ಬಂದ ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿ ಬಂದ ಜಪಪುಸ್ತಕ, ಗೀತೆಗಳ ಪುಸ್ತಕಗಳದೂ ಅದೇ ಲಿಪಿ. ಸಭಿಕರು ಇದನ್ನು ದಯವಿಟ್ಟು ಗಮನದಲ್ಲಿಡಬೇಕು. ನಾನು ಇಂದು ಹೇಳಬಂದಿರುವ ಮುಖ್ಯ ಮಾತು ಇದರ ಮೇಲೆಯೇ ನಿಂತಿದೆ.

ನಮ್ಮ ಮಗುವೊಂದು ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತದೆ. ಕನ್ನಡ ಅದಕ್ಕೆ ಎರಡನೆಯ ಅಥವಾ ಮೂರನೆಯ ಭಾಷೆ. ಮನೆಯಲ್ಲಿ ಮನೆಪಾಠ ಹೇಳುವವರು ಗಣಿತಕ್ಕೂ ವಿಜ್ಞಾನಕ್ಕೂ ಒತ್ತು ಕೊಡುತ್ತಾರೆ. ಕನ್ನಡಕ್ಕೆ ಪರೀಕ್ಷೆಯ ಹಿಂದಿನ ವಾರ ಒಂದು ಗೈಡು ಸಾಕಾಗುತ್ತದೆ. ಹತ್ತು ವರ್ಷದ ತರುವಾಯ ಆ ಮಗು ಕನ್ನಡವನ್ನು ಸರಾಗವಾಗಿ ಮಾತನಾಡುತ್ತದೆ, ಆದರೆ ಒತ್ತಕ್ಷರ ಬಂದರೆ ಎಡವಿ ಎಡವಿ ಓದುತ್ತದೆ. ಇದರಿಂದ ಕನ್ನಡಕ್ಕೆ ನಷ್ಟವೆಂದು ನಾವು ತಿಳಿಯುತ್ತೇವೆ. ನಷ್ಟ ಇಮ್ಮಡಿಯಾದುದು. ಕನ್ನಡ ಓದಲಾರದ ಮಗು ಅಜ್ಜಿಯ ಕೊಂಕಣಿ ಜಪಪುಸ್ತಕವನ್ನೂ ಓದಲಾರದು. ಒಂದೇ ಬೀಗದ ಕೈ ಕಳೆದುಹೋಗಿ ಎರಡು ಕೋಣೆಗಳ ಬಾಗಿಲು ಮುಚ್ಚಿದಂತಾಯಿತು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಕೊಂಕಣಿ ಬರೆದು ಕಳುಹಿಸುವ ನಮ್ಮ ಯುವಕ ಯುವತಿಯರನ್ನು ನೀವು ಕಂಡಿದ್ದೀರಿ. ಬರೆಯುವ ಹಂಬಲ ಅವರಲ್ಲಿದೆ. ಲಿಪಿ ಕೈಗೆ ಸಿಕ್ಕಿಲ್ಲ.

ಆದುದರಿಂದ, ಕೊಂಕಣಿಯನ್ನು ಕಡ್ಡಾಯ ಮಾಡಿ ಎನ್ನುವ ನನ್ನ ಬಂಧುಗಳಿಗೆ ನನ್ನ ವಿನಮ್ರ ಸೂಚನೆಯೇನೆಂದರೆ, ಮೊದಲು ಕನ್ನಡದ ತರಗತಿಯನ್ನು ಗಟ್ಟಿಮಾಡಿರಿ. ೧೯೯೨ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ೧೯೯೪ರಲ್ಲಿ ರಾಜ್ಯದಲ್ಲಿ ಕೊಂಕಣಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ೨೦೦೭ರಿಂದ ಆರನೆಯ ತರಗತಿಯಲ್ಲಿ ಮೂರನೆಯ ಭಾಷೆಯಾಗಿ ಕೊಂಕಣಿಯನ್ನು ಆರಿಸಿಕೊಳ್ಳುವ ಅವಕಾಶವೂ ದೊರೆಯಿತು. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಸುಮಾರು ೭ ಲಕ್ಷ ೮೮ ಸಾವಿರ ಜನರು ಕೊಂಕಣಿಯನ್ನು ತಮ್ಮ ಮಾತೆಂದು ಬರೆಸಿದ್ದಾರೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ನಮ್ಮ ಮೂರು ತಾಲ್ಲೂಕುಗಳ ತರಗತಿಯೊಂದನ್ನು ಹೊಕ್ಕು ನೋಡಿ. ಪಕ್ಕಪಕ್ಕದಲ್ಲಿ ಕುಳಿತವರಲ್ಲಿ ಒಬ್ಬಳ ಮನೆಮಾತು ಕೊಂಕಣಿ, ಒಬ್ಬನದು ತಮಿಳು, ಇನ್ನೊಬ್ಬಳದು ಮಲೆಯಾಳ, ಮತ್ತೊಬ್ಬನದು ಉರ್ದು. ಹಲವರದು ದೀವರ, ಹವ್ಯಕರ, ಒಕ್ಕಲಿಗರ ಮನೆಗಳ ಬಗೆಬಗೆಯ ಕನ್ನಡ. ಶರಾವತಿಯ ವಿದ್ಯುತ್ ಯೋಜನೆಗಳ ಕಾಲದಲ್ಲಿ ಕೆಲಸಕ್ಕೆ ಬಂದು ನೆಲೆಸಿದವರು, ಕೇರಳದಿಂದ ಬಂದು ಕಾಡಂಚಿನಲ್ಲಿ ರಬ್ಬರು ಬೆಳೆದವರು ಎಲ್ಲರೂ ನಮ್ಮ ಧರ್ಮಕೇಂದ್ರಗಳ ಪೀಠಗಳಲ್ಲಿ ಜೊತೆಗೆ ಮೊಣಕಾಲೂರುವವರೇ. ಇವರೆಲ್ಲರ ಮಕ್ಕಳಿಗೆ ಕೊಂಕಣಿಯನ್ನು ಕಡ್ಡಾಯ ಮಾಡುವುದು ಯಾವ ನ್ಯಾಯ? ಗೋವೆಯ ವೈಸರಾಯಿ ನಮಗೆ ಮಾಡಿದ್ದನ್ನೇ ನಾವು ನೆರೆಯವರ ಮಕ್ಕಳಿಗೆ ಮಾಡಿದಂತಾಗುವುದಿಲ್ಲವೆ?

ಕನ್ನಡವನ್ನು ಕಡ್ಡಾಯ ಮಾಡುವುದೂ ಹಾಗೆಯೇ ಅಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಲಾಭವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ಭಾಷೆಯನ್ನು ಮಗುವಿನ ಮೇಲೆ ಹೊರಿಸುವ ಹಕ್ಕು ಶಾಲೆಗಿಲ್ಲ. ಲಾಭದ ಲೆಕ್ಕವನ್ನು ಆಯಾ ಮನೆಯವರು ಮಾಡಿಕೊಳ್ಳಲಿ. ಯಾವ ಭಾಷೆಯಿಲ್ಲದೆ ಮಗು ತನ್ನ ಊರಿನಲ್ಲಿಯೇ ಪರದೇಶಿಯಾಗುತ್ತದೆಯೋ, ಯಾವುದಿಲ್ಲದೆ ಸಹಪಾಠಿಗಳೊಡನೆ ಸಮಾನವಾಗಿ ನಿಲ್ಲಲಾರದೋ, ಅದನ್ನು ಮಾತ್ರ ಶಾಲೆ ಕಡ್ಡಾಯ ಮಾಡಬಹುದು, ಮಾಡಲೇಬೇಕು. ತಂದೆಯ ಹೆಸರಿನ ಪಹಣಿಯನ್ನು ಓದಲಾರದ ಇಂಜಿನಿಯರನನ್ನು ನಾನು ಬಲ್ಲೆ. ಬಗರ್‌ಹುಕುಂ ಅರ್ಜಿಯ ಮೇಲೆ ಬಂದ ಹಿಂಬರಹದ ಅರ್ಥ ಕೇಳಲು ದಲ್ಲಾಳಿಯ ಮನೆಗೆ ನಡೆದವರನ್ನೂ ಬಲ್ಲೆ. ಗ್ರಾಮಸಭೆಯ ನಡಾವಳಿ, ಠಾಣೆಯಲ್ಲಿ ಬರೆದುಕೊಂಡ ದೂರು, ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆಪತ್ರ ಇವನ್ನು ಓದಬಲ್ಲವನು ಮೋಸಹೋಗುವುದು ಕಡಿಮೆ. ಬಡವರ ಮಕ್ಕಳಿಗೆ ಇದು ಇನ್ನೂ ಹೆಚ್ಚಿನ ರಕ್ಷೆ. ತಮಿಳು ಮನೆಯ ಹುಡುಗನಿಗೂ ಕೊಂಕಣಿ ಮನೆಯ ಹುಡುಗಿಗೂ ಇಲ್ಲಿ ಸಮಾನವಾದ ಮಾತು ಒಂದೇ.

ಅಮೆರಿಕದ ಉದಾಹರಣೆಯನ್ನು ಕೊಡುವವರು ಈ ದೃಷ್ಟಿಯಿಂದಲೇ ಅದನ್ನು ನೋಡಬೇಕು. ಆ ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನರು ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಅಲ್ಲಿ ಅದು ನೆರೆಮನೆಯ ಭಾಷೆ, ಕೆಲಸಗಾರರ ಭಾಷೆ, ಅನೇಕ ಕಥೋಲಿಕ ದೇವಾಲಯಗಳಲ್ಲಿ ದಿವ್ಯಬಲಿಪೂಜೆಯ ಭಾಷೆ. ಅಲ್ಲಿನ ಶಾಲೆ ಅದನ್ನು ಕಲಿಸಿದರೆ ನೆರೆಯವನನ್ನು ಅರಿಯುವುದನ್ನು ಕಲಿಸಿದಂತೆ. ಹೊಸನಗರದಲ್ಲಿ ಆ ನೆರೆಯವನೆಲ್ಲಿ? ಇಲ್ಲಿ ಅದಕ್ಕೆ ಅಧ್ಯಾಪಕರನ್ನು ಹುಡುಕುವುದೇ ಕಷ್ಟ. ಸಿಕ್ಕರೂ, ತರಗತಿಯಿಂದ ಹೊರಬಂದ ಮಗುವಿಗೆ ಅದನ್ನು ಆಡಲು ಒಬ್ಬ ಜೊತೆಗಾರನಿಲ್ಲ. ಆಡದ ಭಾಷೆ ಮರೆಯುತ್ತದೆ. ಬಾಲಕ ಬಾಲಕಿಯರಲ್ಲಿ ಯಾರಿಗಾದರೂ ನಿಜವಾದ ಆಸೆಯಿದ್ದರೆ ಇಂದು ಮೊಬೈಲಿನಲ್ಲಿಯೇ ಪಾಠಗಳು ದೊರೆಯುತ್ತವೆ. ಶಾಲೆ ಒಂದು ಕೋಣೆಯನ್ನೂ ಒಂದು ಗಂಟೆಯನ್ನೂ ಕೊಡಲಿ.

ಬೇಕೆಂದು ಕಲಿತವರು ಎಷ್ಟು ದೂರ ಹೋಗಬಲ್ಲರೆಂಬುದಕ್ಕೆ ಸ್ಪೇನಿನ ನಮ್ಮ ಸಂತರೇ ಸಾಕ್ಷಿ. ಸಂತ ಇಗ್ನೇಷಿಯಸ್ ಲೊಯೋಲರು ಮೂವತ್ತು ದಾಟಿದ ವಯಸ್ಸಿನಲ್ಲಿ, ೧೫೨೪ರಲ್ಲಿ, ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ನಡುವೆ ಕುಳಿತು ಲತೀನಿನ ಮೊದಲ ಪಾಠಗಳನ್ನು ಕಲಿತರು. ಅದಕ್ಕೂ ಮೊದಲು ಯುದ್ಧದಲ್ಲಿ ಕಾಲಿಗೆ ಗುಂಡು ತಗುಲಿದ್ದ ಸೈನಿಕರು ಅವರು. ಸಂತ ಫ್ರಾನ್ಸಿಸ್ ಜೇವಿಯರ್ ೧೫೪೨ರಲ್ಲಿ ಗೋವೆಗೆ ಬಂದರು. ಅವರ ತಾಯ್ನುಡಿ ಬಾಸ್ಕ್. ಮುತ್ತಿನ ಕರಾವಳಿಯ ಬೆಸ್ತರ ನಡುವೆ ಬೋಧಿಸಲು ಊರವರ ನೆರವಿನಿಂದ ಪ್ರಾರ್ಥನೆಗಳನ್ನು ತಮಿಳಿಗೆ ತಿರುಗಿಸಿಕೊಂಡು ಬಾಯಿಪಾಠ ಮಾಡಿದರು. ಇವರಿಬ್ಬರಿಗೂ ಅಂಕಪಟ್ಟಿಯ ಭಯವಿರಲಿಲ್ಲ.

ಬಾಯಿಪಾಠವೆಂದಾಗ ಲತೀನಿನ ನೆನಪಾಗುತ್ತದೆ. ಇಲ್ಲಿರುವ ಎಪ್ಪತ್ತು ದಾಟಿದವರು ಬಲಿಪೀಠದ ಬಾಲಸೇವಕರಾಗಿದ್ದಾಗ ಅರ್ಥ ತಿಳಿಯದೆಯೇ ಲತೀನಿನ ಉತ್ತರಗಳನ್ನು ಒಪ್ಪಿಸುತ್ತಿದ್ದರು. ೧೯೬೩ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯ ಸಂವಿಧಾನವನ್ನು ಹೊರಡಿಸಿ ಜನಭಾಷೆಗಳಿಗೆ ಬಾಗಿಲು ತೆರೆಯಿತು. ಕೆಲವೇ ವರ್ಷಗಳಲ್ಲಿ ಕನ್ನಡ, ಕೊಂಕಣಿ, ತಮಿಳುಗಳು ಬಲಿಪೀಠವನ್ನೇರಿದವು. ಶತಮಾನಗಳ ಲತೀನು ಸದ್ದಿಲ್ಲದೆ ಹಿಂದೆ ಸರಿಯಿತು. ಲತೀನಿನ ಗಾಂಭೀರ್ಯವನ್ನು ಪ್ರೀತಿಸುವವನು ನಾನು. ಅದರ ಗಾಯನವನ್ನು ಕೇಳಿದರೆ ಇಂದಿಗೂ ಮನಸ್ಸು ತುಂಬುತ್ತದೆ. ಆದರೂ ಜನರ ಬಾಯಲ್ಲಿ ಅದು ಉಳಿಯಲಿಲ್ಲವೆಂಬುದು ಸತ್ಯ. ಧರ್ಮಸಭೆಯೇ ಇಷ್ಟು ದೊಡ್ಡ ತಿರುವನ್ನು ಕೈಗೊಂಡಿರುವಾಗ ನಮ್ಮ ಶಾಲೆಗಳು ಅರ್ಥವಿಲ್ಲದ ಬಾಯಿಪಾಠಕ್ಕೆ ಹೊಸ ಭಾಷೆಯನ್ನು ಹುಡುಕುವುದೇಕೆ?

ಹಿಂದಿಯ ವಿಚಾರದಲ್ಲಿ ಎರಡು ಮಾತು. ಹತ್ತನೆಯ ತರಗತಿಯ ೬೨೫ ಅಂಕಗಳ ಪರೀಕ್ಷೆಯಲ್ಲಿ ಮೂರನೆಯ ಭಾಷೆಗೆ ಬಹುಕಾಲ ೧೦೦ ಅಂಕಗಳು ಮೀಸಲಾಗಿದ್ದುವು. ನಮ್ಮ ಕಡೆಯ ಹೆಚ್ಚಿನ ಮಕ್ಕಳಿಗೆ ಆ ಭಾಷೆ ಹಿಂದಿಯೇ. ಅದರಲ್ಲಿ ತೇರ್ಗಡೆಯಾಗದೆ ಓದನ್ನು ನಿಲ್ಲಿಸಿದ ಹುಡುಗರನ್ನು ಹಳ್ಳಿಯ ಶಿಕ್ಷಕರೆಲ್ಲರೂ ಕಂಡಿದ್ದಾರೆ. ತೇರ್ಗಡೆಯಾದವರಿಗೂ ಎರಡು ವಾಕ್ಯ ಮಾತನಾಡಲು ಬರುವುದು ಅಪರೂಪ. ವಿಚಿತ್ರವೇನೆಂದರೆ, ಈಗ ಉತ್ತರದ ರಾಜ್ಯಗಳಿಂದ ಕಟ್ಟಡದ ಕೆಲಸಕ್ಕೂ ತೋಟದ ಕೆಲಸಕ್ಕೂ ಜನ ಬರತೊಡಗಿದ ಮೇಲೆ, ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ನಮ್ಮ ತೋಟದ ಯಜಮಾನರು ಒಂದೆರಡು ಸುಗ್ಗಿಯಲ್ಲಿಯೇ ಕೆಲಸಕ್ಕೆ ಬೇಕಾದಷ್ಟು ಹಿಂದಿಯನ್ನು ಕಲಿತುಬಿಟ್ಟಿದ್ದಾರೆ. ಹಿಂದಿಯ ಮೇಲೆ ನನಗೆ ದ್ವೇಷವಿಲ್ಲ. ಸೋಲಿಸಲು ಅದನ್ನು ಬಳಸುವುದು ಬೇಡ, ಅಷ್ಟೇ ನನ್ನ ಕೋರಿಕೆ.

ತೀರ್ಥಹಳ್ಳಿಯವರ ಮುಂದೆ ಭಾಷೆಯ ಮಾತನಾಡುವಾಗ ಕುಪ್ಪಳಿಯ ಕವಿಯನ್ನು ನೆನೆಯದಿರಲಾಗದು. ಕುವೆಂಪು ಅವರು ಮೊದಲು ಪದ್ಯ ಬರೆದದ್ದು ಇಂಗ್ಲಿಷಿನಲ್ಲಿ. ೧೯೨೨ರಲ್ಲಿ ಅವರ ಇಂಗ್ಲಿಷ್ ಕವನಗಳ ಕಿರುಪುಸ್ತಕವೂ ಹೊರಬಂದಿತ್ತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿಮ್ಮ ನುಡಿಯಲ್ಲಿ ಬರೆಯಿರೆಂದು ಬುದ್ಧಿ ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದಿದೆ. ಹೊರಗಿನವನೊಬ್ಬ ಬಂದು ಒಳಗಿನದನ್ನು ತೋರಿಸಿದ! ಮುಂದೆ ಅವರು ಇಂಗ್ಲಿಷಿನ ವಿದ್ಯೆಯನ್ನು ಬಿಡಲಿಲ್ಲ. ಅದನ್ನೇ ಶಿಕ್ಷಣದ ಮಾಧ್ಯಮವಾಗಿ ಹೇರುವುದನ್ನು ಮಾತ್ರ ಕಡೆತನಕ ವಿರೋಧಿಸಿದರು, ಮೂರು ಭಾಷೆಗಳ ಭಾರಕ್ಕೆ ಬದಲಾಗಿ ಎರಡನ್ನು ಸಾಕೆಂದು ವಾದಿಸಿದರು. ಅದೇ ತಾಲ್ಲೂಕಿನ ಮೇಳಿಗೆಯ ಅನಂತಮೂರ್ತಿಯವರು ಇಂಗ್ಲಿಷ್ ಪ್ರಾಧ್ಯಾಪಕರಾಗಿ ಬಾಳಿ ಕಥೆ ಕಾದಂಬರಿಗಳನ್ನು ಕನ್ನಡದಲ್ಲಿ ಬರೆದರು. ಸಾಗರದ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಂ ಲೋಕದ ನಾನಾ ಭಾಷೆಗಳ ನಾಟಕಗಳನ್ನು ಹಳ್ಳಿ ಜನರಿಗೆ ಕನ್ನಡದಲ್ಲಿಯೇ ತೋರಿಸಿತು. ಹೊರಲೋಕವನ್ನು ಕಾಣಲು ಮನೆಯನ್ನು ಮುರಿಯಬೇಕಾಗಿಲ್ಲವೆಂಬುದನ್ನು ನೆರೆಯೂರಿನವರೇ ತೋರಿಸಿಕೊಟ್ಟಿದ್ದಾರೆ.

ಇನ್ನು ಮಾಡತಕ್ಕ ಕೆಲಸ. ನಮ್ಮ ಶಾಲೆಗಳ ಆಡಳಿತದವರಲ್ಲಿ ನನ್ನದೊಂದು ಬಿನ್ನಹವಿದೆ. ಕನ್ನಡದ ಪಾಠಕ್ಕೆ, ಆ ವಿಷಯದಲ್ಲಿ ತರಬೇತಿ ಪಡೆದ ಅಧ್ಯಾಪಕರನ್ನೇ ನೇಮಿಸಿರಿ. ಬೇರೆ ಪಾಠಗಳು ಹಂಚಿಹೋದ ಮೇಲೆ ಬಿಡುವಿರುವ ಯಾರಿಗೋ ಕನ್ನಡವನ್ನು ಒಪ್ಪಿಸಬೇಡಿ. ಶಾಲೆಯ ಆವರಣದಲ್ಲಿ ಕನ್ನಡ ಆಡಿದ ಮಗುವಿಗೆ ದಂಡ ಹಾಕುವ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಈ ಶತಮಾನೋತ್ಸವದ ವರ್ಷದಲ್ಲಿ ಅದು ನಿಲ್ಲಲಿ. ೧೬೦೬ರ ಆ ನಿಯಮವನ್ನು ಹೊರಗಿನಿಂದ ಬರುವ ಅಧ್ಯಾಪಕ ಅಧ್ಯಾಪಿಕೆಯರಿಗೂ ಅನ್ವಯಿಸಬಹುದೆಂದು ನನ್ನ ಎಣಿಕೆ: ಬಂದ ಒಂದು ವರ್ಷದೊಳಗೆ ಮಕ್ಕಳ ತಾಯಂದಿರೊಡನೆ ಕನ್ನಡದಲ್ಲಿ ಮಾತನಾಡುವಷ್ಟು ಅವರು ಕಲಿಯಲಿ.

ಕೊಂಕಣಿಯ ಹೊಣೆ ಮನೆಯದೂ ಧರ್ಮಕೇಂದ್ರದ್ದೂ ಆಗಲಿ. ತಮಿಳು, ಮಲೆಯಾಳಗಳಿಗೂ ಇದೇ ಮಾತು. ಭಾನುವಾರದ ಧರ್ಮೋಪದೇಶದ ತರಗತಿಯ ತರುವಾಯ ಅರ್ಧ ಗಂಟೆ, ಇಷ್ಟವಿದ್ದ ಮಕ್ಕಳು ಕನ್ನಡ ಲಿಪಿಯಲ್ಲಿ ಕೊಂಕಣಿ ಓದಲು ಕಲಿಯಬಹುದು. ಕನ್ನಡ ಬಂದ ಮಗುವಿಗೆ ಇದು ಕೆಲವು ವಾರಗಳ ಕೆಲಸ. ಪಾಠ ಹೇಳಲು ನಿವೃತ್ತ ಶಿಕ್ಷಕಿಯರಿಬ್ಬರು ಮುಂದೆ ಬಂದಿದ್ದಾರೆ. ಮಕ್ಕಳು ಎಷ್ಟು ಬರುವರೋ ನೋಡಬೇಕು. ಪುಸ್ತಕಗಳ ಅಭಾವವಂತೂ ಇದೆ. ತಮ್ಮ ಮನೆಯ ಅಟ್ಟದ ಮೇಲೋ ಪೆಟ್ಟಿಗೆಯ ತಳದಲ್ಲೋ ಹಳೆಯ ಜಪಪುಸ್ತಕ, ‘ರಾಕ್ಣೊ’ ಪತ್ರಿಕೆಯ ಹಳೆಯ ಸಂಚಿಕೆಗಳು ಇದ್ದವರು ಗೆದ್ದಲಿಗೆ ಬಿಡದೆ ತಂದುಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಮಧ್ಯಾಹ್ನದ ಊಟದ ತರುವಾಯ ಸಭಾಂಗಣದ ಬಲಬದಿಯ ಮೇಜಿನ ಬಳಿ ಹೆಸರು ಬರೆದುಕೊಳ್ಳುವವರು ಇರುತ್ತಾರೆ.